ಕೊಯ್ದ ಮಾವಿನ ರಕ್ಷಣೆ: ಶೀತಗೃಹವೂ ಸಸ್ಯರಸಗಳೂ

(ಮಾವಿನ ಬೆಳೆಗಾರರ ಸಭೆಯಲ್ಲಿ ಓದಿದ ಉಪನ್ಯಾಸ)



ಮಾವಿನ ಸಸಿಯನ್ನು ನೆಟ್ಟ ರೈತನು ಅದು ಫಲ ಕೊಡುವವರೆಗೆ ವರ್ಷಗಟ್ಟಲೆ ಕಾಯುತ್ತಾನೆ. ಮರವು ಹೂವು ಬಿಟ್ಟ ಮೇಲೆ ಕಾಯಿ ಬಲಿಯುವುದಕ್ಕಾಗಿ ಮತ್ತೆ ಮೂರು ನಾಲ್ಕು ತಿಂಗಳು ಕಾಯುತ್ತಾನೆ. ಇಷ್ಟು ತಾಳ್ಮೆಯುಳ್ಳವನಿಗೆ ಕಾಯನ್ನು ಕೊಯ್ದ ಮೇಲೆ ಮಾತ್ರ ಹತ್ತು ದಿನ ತಾಳುವ ಅವಕಾಶವಿಲ್ಲ. ರಾಮನಗರದ ಕಡೆಯ ಹಣ್ಣು ಮೊದಲು ಬರುತ್ತದೆ. ಶ್ರೀನಿವಾಸಪುರದ ಕಡೆಯದು ಅನಂತರ ಬರುತ್ತದೆ. ಎಲ್ಲಿಯೇ ಆಗಲಿ, ಒಂದು ಸೀಮೆಯ ಬಾದಾಮಿ, ರಸಪುರಿ, ತೋತಾಪುರಿಗಳು ಒಮ್ಮೆಗೇ ಮಂಡಿಗೆ ಬಂದು ಬಿದ್ದಾಗ ಧಾರಣೆ ಇಳಿಯುತ್ತದೆ. ಇಳಿದ ಧಾರಣೆಯನ್ನು ಒಪ್ಪದೆ ಹಣ್ಣನ್ನು ಹಿಂದಕ್ಕೆ ತರುವುದು ರೈತನಿಗೆ ಸಾಧ್ಯವಿಲ್ಲ. ತಂದರೆ ಮನೆಯಲ್ಲಿ ಕೊಳೆಯುತ್ತದೆ. ಈ ಭಯದಿಂದಲೇ ಅನೇಕರು ಫಸಲನ್ನು ಹೂವಿನಲ್ಲಿಯೇ ಗುತ್ತಿಗೆಗೆ ಕೊಟ್ಟುಬಿಡುವುದೂ ಉಂಟು.

ಕೊಯ್ದ ಕಾಯನ್ನು ಎರಡು ವಾರ ಕೆಡದಂತೆ ಇಡಬಲ್ಲವನಿಗೆ ಬೆಲೆಯ ವಿಷಯದಲ್ಲಿ ಮಾತನಾಡುವ ಶಕ್ತಿ ಬರುತ್ತದೆ. ಆ ಎರಡು ವಾರಗಳನ್ನು ಸಂಪಾದಿಸುವ ಬಗೆ ಹೇಗೆಂಬುದೇ ಈ ಉಪನ್ಯಾಸದ ವಿಷಯ. ಇದಕ್ಕೆ ಶೀತಗೃಹ, ಎಂದರೆ ಜನರು ಕೋಲ್ಡ್ ಸ್ಟೋರೇಜ್ ಎಂದು ಕರೆಯುವ ಕಟ್ಟಡ, ಒಂದು ಸಾಧನ. ಗಿಡಮೂಲಿಕೆಗಳಿಂದ ತೆಗೆದ ರಸ, ಲೇಪ, ತೈಲಗಳು ಇನ್ನೊಂದು ಸಾಧನ. ಇವೆರಡರಿಂದಲೂ ಪ್ರಯೋಜನವುಂಟು. ಆದರೆ ಇವೆರಡೂ ತೋಟದಲ್ಲಿ ಒಳ್ಳೆಯದಾಗಿದ್ದ ಹಣ್ಣನ್ನು ಮಾತ್ರ ಕಾಪಾಡಬಲ್ಲವು. ತೋಟದಲ್ಲಿಯೇ ಕೆಟ್ಟದ್ದನ್ನು ಸರಿಪಡಿಸಲಾರವು. ಈ ಒಂದು ಮಾತನ್ನು ಮರೆತವನಿಗೆ ಶೀತಗೃಹದ ಬಾಡಿಗೆಯೂ ಲೇಪದ ಖರ್ಚೂ ನಷ್ಟದ ಬಾಬುಗಳೇ ಆಗುತ್ತವೆ.

ಹಣ್ಣು ಕೆಡುವ ಬಗೆ

ಮರದಿಂದ ಬೇರ್ಪಟ್ಟ ಕಾಯಿ ಸತ್ತ ವಸ್ತುವಲ್ಲ. ಅದು ಉಸಿರಾಡುತ್ತಲೇ ಇರುತ್ತದೆ. ತನ್ನೊಳಗಿನ ಸಕ್ಕರೆ ಮತ್ತು ಹುಳಿಯನ್ನು ಉರಿಸುತ್ತ, ಶಾಖವನ್ನು ಹೊರಗೆ ಬಿಡುತ್ತ, ಎಥಿಲೀನ್ ಎಂಬ ಅನಿಲವನ್ನು ಹುಟ್ಟಿಸುತ್ತ ಮಾಗುತ್ತದೆ. ಈ ಅನಿಲವು ನೆರೆಯ ಕಾಯಿಗೆ ತಗುಲಿದರೆ ಅದೂ ಬೇಗನೆ ಹಣ್ಣಾಗುತ್ತದೆ. ಒಂದು ಮಾಗಿದ ಹಣ್ಣು ಇಡೀ ಬುಟ್ಟಿಯನ್ನು ಹಣ್ಣುಮಾಡುವುದಕ್ಕೆ ಕಾರಣವಿದೇ. ಬೇಸಿಗೆಯ ಸೆಕೆಯಲ್ಲಿ ಬಲಿತ ಬಾದಾಮಿ ಕಾಯಿ ಒಂದು ವಾರದಿಂದ ಹತ್ತು ದಿನಗಳೊಳಗೆ ಹಣ್ಣಾಗಿ, ಅನಂತರ ಕೆಲವೇ ದಿನಗಳಲ್ಲಿ ಕೆಡುತ್ತದೆ.

ಎರಡನೆಯದು ನೀರಿನ ನಷ್ಟ. ಮಾವಿನ ತಿರುಳಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟ ಪಾಲು ನೀರೇ. ಅದು ಸಿಪ್ಪೆಯ ಮೂಲಕ ಆವಿಯಾಗಿ ಹೋದರೆ ಹಣ್ಣು ಸುಕ್ಕುಗಟ್ಟುವುದಲ್ಲದೆ ತೂಕವೂ ಕಡಮೆಯಾಗುತ್ತದೆ. ತೂಕದ ಮೇಲೆ ಮಾರುವವನಿಗೆ ಇದು ನೇರವಾದ ನಷ್ಟ.

ಮೂರನೆಯದು ಬೂಷ್ಟು. ಮಾವಿಗೆ ಮುಖ್ಯವಾಗಿ ಎರಡು ಬಗೆಯ ಕೊಳೆ ಬರುತ್ತದೆ. ಸಿಪ್ಪೆಯ ಮೇಲೆ ಕಪ್ಪು ಮಚ್ಚೆಗಳಾಗಿ ಹರಡುವುದು ಚಿಬ್ಬು ರೋಗ. ತೊಟ್ಟಿನ ಸುತ್ತಲಿಂದ ಕಂದಾಗಿ ಕೆಳಕ್ಕೆ ಇಳಿಯುವುದು ತೊಟ್ಟು ಕೊಳೆ. ಚಿಬ್ಬು ರೋಗದ ಗುಟ್ಟನ್ನು ಬೆಳೆಗಾರನು ಚೆನ್ನಾಗಿ ತಿಳಿಯತಕ್ಕದ್ದು. ಅದರ ಬೀಜಕಣಗಳು ಮಳೆ ಮತ್ತು ಇಬ್ಬನಿಯ ತೇವದಿಂದ ಹೂವಿನ ಕಾಲದಲ್ಲಿಯೂ ಎಳೆಗಾಯಿಯ ಕಾಲದಲ್ಲಿಯೂ ಸಿಪ್ಪೆಯೊಳಕ್ಕೆ ಸೇರಿ, ತಿಂಗಳುಗಟ್ಟಲೆ ಯಾವ ಗುರುತನ್ನೂ ತೋರಿಸದೆ ಅಡಗಿರುತ್ತವೆ. ಕಾಯಿ ಹಣ್ಣಾದಾಗ ಏಳುತ್ತವೆ. ಆದ್ದರಿಂದ ಕೊಯ್ಲಿನ ದಿನ ಕಣ್ಣಿಗೆ ನಿರ್ಮಲವಾಗಿ ಕಂಡ ಕಾಯಿ ಮಂಡಿಯಲ್ಲಿ ಮಚ್ಚೆಯಾದರೆ ಲಾರಿಯವನನ್ನಾಗಲಿ ಶೀತಗೃಹದವನನ್ನಾಗಲಿ ದೂರಿ ಫಲವಿಲ್ಲ. ಆ ಹಣ್ಣಿನ ರೋಗವು ತೋಟದಲ್ಲಿಯೇ ಹತ್ತಿದ್ದು.

ಅಡಗಿದ ಬೂಷ್ಟು ಅಷ್ಟು ಕಾಲ ಸುಮ್ಮನಿರುವುದೇಕೆ? ಬಲಿಯುತ್ತಿರುವ ಕಾಯಿಯ ಸಿಪ್ಪೆಯಲ್ಲಿ ಬೂಷ್ಟನ್ನು ತಡೆಯುವ ರಿಸಾರ್ಸಿನಾಲ್ ಜಾತಿಯ ವಸ್ತುಗಳಿರುವುದನ್ನು ಇಸ್ರೇಲ್ ದೇಶದ ವಿದ್ವಾಂಸರು 1986ರಲ್ಲಿ ಪ್ರಕಟಿಸಿದರು. ಕಾಯಿ ಮಾಗುತ್ತ ಬಂದಂತೆ ಈ ವಸ್ತುಗಳು ಕ್ಷೀಣಿಸುತ್ತವೆ. ಕಾವಲು ಸಡಿಲವಾದಾಗ ಬೂಷ್ಟು ಮೇಲೇಳುತ್ತದೆ. ಬೇರೊಂದು ಗಿಡದ ರಸವನ್ನು ಹಣ್ಣಿಗೆ ಬಳಿಯುವುದೆಂದರೆ, ಹಣ್ಣು ಕಳೆದುಕೊಳ್ಳುತ್ತಿರುವ ಕಾವಲನ್ನು ಇನ್ನೊಂದು ಗಿಡದಿಂದ ಎರವಲು ತಂದಂತೆ. ಸಸ್ಯರಸದ ಪ್ರಯೋಗಕ್ಕೆಲ್ಲ ಇದೇ ಆಧಾರ.

ಶೀತದ ಗುಣವೂ ಅಪಾಯವೂ

ಉಷ್ಣಮಾನವು ಹತ್ತು ಡಿಗ್ರಿ ಸೆಂಟಿಗ್ರೇಡ್ ಇಳಿದರೆ ಹಣ್ಣಿನ ಉಸಿರಾಟವು ಸುಮಾರಾಗಿ ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಇಳಿಯುತ್ತದೆ. ಬೂಷ್ಟಿನ ಬೆಳವಣಿಗೆಯೂ ಕುಂಠಿತವಾಗುತ್ತದೆ. ಹೀಗಿರಲಾಗಿ, ಎಷ್ಟು ತಣ್ಣಗೆ ಮಾಡಿದರೆ ಅಷ್ಟು ಒಳ್ಳೆಯದೆಂದು ಕೆಲವರು ಭಾವಿಸುತ್ತಾರೆ. ಮಾವಿನ ವಿಷಯದಲ್ಲಿ ಇದು ದೊಡ್ಡ ತಪ್ಪು.

ಮಾವು ಉಷ್ಣ ಸೀಮೆಯ ಫಲ. ಬಲಿತ ಹಸಿರು ಕಾಯನ್ನು ಸೆಂಟಿಗ್ರೇಡ್ 12ರಿಂದ 13 ಡಿಗ್ರಿಯಲ್ಲಿ, ಎಂದರೆ ಫ್ಯಾರನ್‌ಹೀಟ್ ಸುಮಾರು 54ರಿಂದ 55 ಡಿಗ್ರಿಯಲ್ಲಿ ಇಡತಕ್ಕದ್ದು. ಗಾಳಿಯ ತೇವವು ನೂರಕ್ಕೆ 85ರಿಂದ 90 ಇರಬೇಕು. ಈ ಕ್ರಮದಲ್ಲಿ ಒಳ್ಳೆಯ ಕಾಯಿ ಎರಡರಿಂದ ಮೂರು ವಾರ ಬಾಳುತ್ತದೆ. ಅದಕ್ಕಿಂತ ಹೆಚ್ಚು ತಣ್ಣಗಿರುವ ಕಡೆ ಬಹುದಿನ ಇಟ್ಟರೆ ಸಿಪ್ಪೆ ಬೂದುಬಣ್ಣಕ್ಕೆ ತಿರುಗುತ್ತದೆ, ಸಣ್ಣ ಗುಳಿಗಳು ಬೀಳುತ್ತವೆ. ಹೊರಗೆ ತಂದ ಮೇಲೆ ಒಂದೇ ಸಮನಾಗಿ ಹಣ್ಣಾಗುವುದಿಲ್ಲ; ಬಣ್ಣವೂ ಬಾರದು, ಪರಿಮಳವೂ ಬಾರದು. ಚಳಿಯಿಂದ ನೊಂದ ಸಿಪ್ಪೆಯನ್ನು ಬೂಷ್ಟು ಸುಲಭವಾಗಿ ಹಿಡಿಯುತ್ತದೆ. ಶೀತಗೃಹದೊಳಗೆ ಈ ಕೇಡು ಬಹಳವಾಗಿ ಕಾಣಿಸದೆ, ಹೊರತಂದ ಮೇಲೆ ಪ್ರಕಟವಾಗುವುದರಿಂದ ರೈತನು ಮೋಸಹೋಗುತ್ತಾನೆ.

ಬಿತ್ತನೆ ಆಲೂಗಡ್ಡೆಯನ್ನು 2ರಿಂದ 4 ಡಿಗ್ರಿಯಲ್ಲಿ ಇಡುವುದು ಪದ್ಧತಿ. ಆ ಕೊಠಡಿ ಖಾಲಿ ಇದೆಯೆಂದು ಅದೇ ಶೀತದಲ್ಲಿ ಮಾವನ್ನು ತುಂಬಿಸಿದವನು ತನ್ನ ಫಸಲನ್ನು ತಾನೇ ಕೆಡಿಸಿಕೊಂಡಂತಾಗುತ್ತದೆ. ಆದ್ದರಿಂದ ಬಾಡಿಗೆಯನ್ನು ವಿಚಾರಿಸುವುದಕ್ಕೆ ಮೊದಲು ಕೊಠಡಿಯ ಡಿಗ್ರಿಯನ್ನು ವಿಚಾರಿಸಬೇಕು. ಮಾವಿನ ಕೊಠಡಿಯಲ್ಲಿ ಬೇರೆ ಸರಕು ಇರಕೂಡದು. ಹಸಿರು ಕಾಯಿಯ ಜೊತೆಗೆ ಮಾಗಿದ ಹಣ್ಣು ಸೇರಕೂಡದು. ಕ್ರೇಟುಗಳ ನಡುವೆ ಗಾಳಿ ಆಡುವಷ್ಟು ಸಂದು ಬಿಡಬೇಕು.

ಸಸ್ಯರಸಗಳ ವಿಚಾರ

ಲವಂಗದಲ್ಲಿ ಯೂಜಿನಾಲ್, ದಾಲ್ಚಿನ್ನಿ ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್, ಓಮದಲ್ಲಿ ಥೈಮಾಲ್ ಎಂಬ ಪದಾರ್ಥಗಳಿವೆ. ಇವು ಬೂಷ್ಟಿನ ಜೀವಕೋಶದ ಪೊರೆಯನ್ನು ಕೆಡಿಸಿ ಅದರ ಬೆಳವಣಿಗೆಯನ್ನು ತಡೆಯುತ್ತವೆ. ಬೇವು, ಬೆಳ್ಳುಳ್ಳಿ, ತುಳಸಿಗಳ ರಸವನ್ನೂ ಈ ಕಾರ್ಯಕ್ಕಾಗಿ ಪರೀಕ್ಷಿಸಿದ್ದಾರೆ. ಮನೆಯ ಸಂಬಾರದ ಪದಾರ್ಥವೆಂದ ಮಾತ್ರಕ್ಕೆ ಇವು ನಿರಪಾಯವೆಂದು ತಿಳಿಯಕೂಡದು. ಚಕ್ಕೆ ಲವಂಗಗಳ ತೈಲವು ನೀರಿನಲ್ಲಿ ಕರಗುವುದಿಲ್ಲ. ಸರಿಯಾಗಿ ಬೆರೆಯದ ತೈಲವು ಸಿಪ್ಪೆಗೆ ತಗುಲಿದ ಕಡೆಗಳಲ್ಲಿ ಸುಟ್ಟ ಕಲೆ ಉಂಟಾಗುತ್ತದೆ. ತೈಲದ ಪ್ರಮಾಣ ಹೆಚ್ಚಾದರೆ ಹಣ್ಣಿಗೆ ಔಷಧಿಯ ವಾಸನೆ ಹತ್ತುತ್ತದೆ. ಬಾದಾಮಿ ಹಣ್ಣನ್ನು ಕೊಳ್ಳುವವನು ಅದರ ಪರಿಮಳಕ್ಕಾಗಿ ಕೊಳ್ಳುತ್ತಾನೆ. ಲವಂಗದ ವಾಸನೆಯ ಬಾದಾಮಿಯನ್ನು ಅವನು ಎರಡನೆಯ ಸಲ ಕೊಳ್ಳುವುದಿಲ್ಲ. ಬೇವಿನ ಕಹಿ ಮತ್ತು ಘಾಟಿನ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಒಂದೇ ಗಿಡದ ರಸವು ಮಣ್ಣು, ಋತು, ತೆಗೆಯುವ ವಿಧಾನಗಳಿಗೆ ತಕ್ಕಂತೆ ಬೇರೆ ಬೇರೆ ಶಕ್ತಿಯುಳ್ಳದ್ದಾಗಿರುವುದೂ ಒಂದು ತೊಡಕು.

ಕೊಯ್ದ ಹುಲ್ಲಿನಿಂದ ಬರುವ ಹಸಿರು ವಾಸನೆಗೆ ಕಾರಣವಾದ ಪದಾರ್ಥಗಳಲ್ಲಿ ಹೆಕ್ಸನಾಲ್ ಒಂದು. ಹಣ್ಣಿನ ಜೀವಕೋಶದ ಪೊರೆಯನ್ನು ಸಡಿಲಿಸುವ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾನಿಲಯದವರೂ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದವರೂ ಜೊತೆಗೂಡಿ ಇದನ್ನು ಮಾವಿನ ಮೇಲೆ ಪರೀಕ್ಷಿಸಿದ್ದಾರೆ. ಅದನ್ನು ಕೊಯ್ಲಿಗೆ ಮುಂಚೆಯೇ ಮರದ ಮೇಲೆ ಸಿಂಪಡಿಸುವುದೂ ಈ ಪ್ರಯೋಗಗಳಲ್ಲಿ ಸೇರಿತ್ತು.

ರೈತನ ಕೈಗೆ ಸುಲಭವಾಗಿ ಎಟಕುವುದು ಲೋಳೆಸರ. ಸ್ಪೇನ್ ದೇಶದ ವಿದ್ವಾಂಸರು 2005ರಲ್ಲಿ ದ್ರಾಕ್ಷಿಯ ಗೊಂಚಲುಗಳಿಗೆ ಲೋಳೆಸರದ ಲೇಪವನ್ನು ಕೊಟ್ಟು 1 ಡಿಗ್ರಿ ಶೀತದಲ್ಲಿ ಇಟ್ಟ ಪ್ರಯೋಗವನ್ನು ಪ್ರಕಟಿಸಿದರು. ಲೇಪವಿಲ್ಲದ ಗೊಂಚಲು ಆ ಶೀತದಲ್ಲಿ 7 ದಿನ ಇದ್ದು ಹೊರಬಂದು 4 ದಿನದಲ್ಲಿಯೇ ಕೆಟ್ಟಿತು. ಲೇಪವಿದ್ದ ಗೊಂಚಲನ್ನು ಅದೇ ಶೀತದಲ್ಲಿ 35 ದಿನಗಳವರೆಗೂ ಇಡಲು ಸಾಧ್ಯವಾಯಿತು. ಲೇಪವು ಸಿಪ್ಪೆಯ ಮೇಲೆ ತೆಳುವಾದ ಪೊರೆಯಾಗಿ ನಿಂತು ನೀರು ಆವಿಯಾಗುವುದನ್ನೂ ಉಸಿರಾಟವನ್ನೂ ತಗ್ಗಿಸುವುದಲ್ಲದೆ, ಬೂಷ್ಟನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದರೆ ಆ ಪ್ರಯೋಗ ನಡೆದದ್ದು ದ್ರಾಕ್ಷಿಯ ಮೇಲೆ ಎಂಬುದನ್ನು ಮರೆಯಬಾರದು. ದ್ರಾಕ್ಷಿ ತಾಳುವ 1 ಡಿಗ್ರಿಯನ್ನು ಮಾವು ತಾಳಲಾರದು. ದ್ರಾಕ್ಷಿಗೆ ದೊರೆತ 35 ದಿನವನ್ನು ಮಾವಿನಿಂದ ನಿರೀಕ್ಷಿಸಲಾಗದು. ಲೇಪವನ್ನು ತೆಗೆದುಕೊಳ್ಳಬಹುದು, ಡಿಗ್ರಿಯನ್ನು ತೆಗೆದುಕೊಳ್ಳಬಾರದು.

ಲೋಳೆಸರದ ಲೇಪವನ್ನು ಮಾಡುವ ಕ್ರಮ

ಚೆನ್ನಾಗಿ ಬೆಳೆದ ಎಲೆಗಳನ್ನು ಕಿತ್ತು ತೊಳೆದು, ಬುಡವನ್ನು ಕೆಳಗೆ ಮಾಡಿ ನಿಲ್ಲಿಸಿದರೆ ಹಳದಿಯಾದ ಕಹಿ ರಸವು ಸೋರಿಹೋಗುತ್ತದೆ. ಈ ಹಳದಿ ರಸ ಭೇದಿ ಮಾಡಿಸುವಂಥದು. ಲೇಪದಲ್ಲಿ ಅದು ಸೇರಲೇಕೂಡದು. ಅನಂತರ ಹಸಿರು ಸಿಪ್ಪೆಯನ್ನು ಬಿಡಿಸಿ, ಒಳಗಿನ ತಿಳಿಯಾದ ಲೋಳೆಯನ್ನು ಮಾತ್ರ ತೆಗೆದು, ಅರೆದು, ಶುಭ್ರವಾದ ಬಟ್ಟೆಯಲ್ಲಿ ಸೋಸಬೇಕು. ಹಸಿ ಲೋಳೆ ಬೇಗ ಹಳಸುತ್ತದೆ. ಆದ್ದರಿಂದ ಅದನ್ನು 70 ಡಿಗ್ರಿ ಶಾಖದಲ್ಲಿ 45 ನಿಮಿಷ ಇಟ್ಟು ಕೂಡಲೆ ತಣಿಸಿ, ಪ್ರತಿ ಲೀಟರಿಗೆ ಸುಮಾರು 4.5 ಗ್ರಾಂ ಸಿಟ್ರಿಕ್ ಆಮ್ಲವನ್ನು ಬೆರೆಸುವ ವಿಧಾನವನ್ನು ಪ್ರಯೋಗಶಾಲೆಗಳಲ್ಲಿ ಅನುಸರಿಸುತ್ತಾರೆ. ಸಿಟ್ರಿಕ್ ಆಮ್ಲವೆಂದರೆ ಅಂಗಡಿಯಲ್ಲಿ ನಿಂಬೆಹುಳಿ ಉಪ್ಪು ಎಂದು ದೊರೆಯುವ ಪುಡಿ.

ತೊಳೆದು ಒಣಗಿದ ಕಾಯನ್ನು ಈ ರಸದಲ್ಲಿ ಅದ್ದಿ ತೆಗೆದು, ನೆರಳಿನಲ್ಲಿ ಗಾಳಿಗೆ ಸಂಪೂರ್ಣವಾಗಿ ಆರಿಸಿ, ಅನಂತರವೇ ಕ್ರೇಟಿಗೆ ಹಾಕತಕ್ಕದ್ದು. ಒದ್ದೆಯಾದ ಕಾಯನ್ನು ಶೀತಗೃಹಕ್ಕೆ ಕಳುಹಿಸುವುದು ಬೂಷ್ಟಿಗೆ ತಾನಾಗಿ ನೀರೆರೆದಂತೆ. ಲೇಪವು ದಪ್ಪವಾದರೂ ಕೇಡೇ. ಒಳಗೆ ಗಾಳಿ ಸಾಲದೆ ತಿರುಳು ಹುದುಗಿ ಹೆಂಡದ ವಾಸನೆ ಬರುತ್ತದೆ. ಅದ್ದುವ ರಸ ಕೊಳಕಾದ ಕೂಡಲೆ ಚೆಲ್ಲಿ ಹೊಸದನ್ನು ತುಂಬಬೇಕು. ಇಲ್ಲವಾದರೆ ಒಂದು ರೋಗದ ಕಾಯಿಯ ಬೀಜಕಣಗಳು ಅದೇ ರಸದ ಮೂಲಕ ನೂರು ಕಾಯಿಗೆ ಹರಡುತ್ತವೆ.

ಬಿಸಿನೀರಿನ ಉಪಚಾರ

ಲೇಪವು ಸಿಪ್ಪೆಯ ಮೇಲಿನ ಕಾವಲು. ಸಿಪ್ಪೆಯೊಳಗೆ ಆಗಲೇ ಅಡಗಿರುವ ಚಿಬ್ಬನ್ನು ಅದು ಚೆನ್ನಾಗಿ ಮುಟ್ಟಲಾರದು. ಅದಕ್ಕೆ ಬಿಸಿನೀರೇ ಮೇಲು. ಕಾಯನ್ನು 52 ಡಿಗ್ರಿ ಸೆಂಟಿಗ್ರೇಡ್ ನೀರಿನಲ್ಲಿ 10 ನಿಮಿಷ ಮುಳುಗಿಸಿ ತೆಗೆಯುವ ಉಪಚಾರವನ್ನು ಚಿಬ್ಬು ರೋಗಕ್ಕಾಗಿ ಸಂಶೋಧನಾ ಸಂಸ್ಥೆಗಳವರು ಶಿಫಾರಸು ಮಾಡಿದ್ದಾರೆ. ಉಷ್ಣಮಾಪಕವಿಲ್ಲದೆ ಕೈಯಿಟ್ಟು ನೋಡಿ ಅಂದಾಜಿನಿಂದ ಮಾಡುವ ಕೆಲಸವಲ್ಲ ಇದು. ಶಾಖ ಕಡಮೆಯಾದರೆ ರೋಗ ಉಳಿಯುತ್ತದೆ. ಹೆಚ್ಚಾದರೆ ಸಿಪ್ಪೆ ಬೇಯುತ್ತದೆ. ಬಿಸಿನೀರಿನಿಂದ ತೆಗೆದ ಕಾಯನ್ನು ತಣಿಸಿ, ಆರಿಸಿ, ಲೇಪ ಕೊಟ್ಟು, ಮತ್ತೆ ಆರಿಸಿ, ಶೀತಗೃಹಕ್ಕೆ ಸೇರಿಸುವುದು ಕ್ರಮ.

ತೋಟದಲ್ಲಿ ಮಾಡಬೇಕಾದ್ದು

ಒಣಗಿದ ರೆಂಬೆಗಳನ್ನು ಸವರಿ ಸುಡುವುದು, ಬಿದ್ದ ಕಾಯಿಗಳನ್ನು ಆರಿಸಿ ತೆಗೆಯುವುದು, ಹೂವಿನ ಕಾಲದಲ್ಲಿ ತೋಟಗಾರಿಕೆಯ ಅಧಿಕಾರಿಗಳು ತಿಳಿಸಿದಂತೆ ಔಷಧಿ ಸಿಂಪಡಿಸುವುದು: ಶೀತಗೃಹದ ಕೆಲಸವು ವಾಸ್ತವವಾಗಿ ಇಲ್ಲಿಂದ ಆರಂಭವಾಗುತ್ತದೆ.

ತೊಟ್ಟಿನ ಎರಡು ಕಡೆ ಹೆಗಲು ತುಂಬಿ ಮೇಲೆದ್ದ ಕಾಯಿ ಬಲಿತದ್ದು. ನೀರಿನಲ್ಲಿ ಹಾಕಿದರೆ ಬಲಿತ ಕಾಯಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಎಳೆಯ ಕಾಯಿಗೆ ಯಾವ ಲೇಪ ಕೊಟ್ಟರೂ ರುಚಿ ಬಾರದು. ಕೊಂಬೆಯನ್ನು ಅಲುಗಿಸಿ ಉದುರಿಸದೆ, ಬಲೆ ಕಟ್ಟಿದ ದೋಟಿಯಿಂದ ಸ್ವಲ್ಪ ತೊಟ್ಟನ್ನು ಉಳಿಸಿ ಕೊಯ್ಯಬೇಕು. ಅನಂತರ ನೆರಳಿನಲ್ಲಿ ತೊಟ್ಟನ್ನು ಚಿಕ್ಕದಾಗಿ ಕತ್ತರಿಸಿ, ಸೊನೆ ಸೋರಿ ನಿಲ್ಲುವವರೆಗೆ ತೊಟ್ಟು ಕೆಳಗಾಗಿ ಚೌಕಟ್ಟಿನ ಮೇಲೆ ಇಡಬೇಕು. ಸೊನೆ ತಗುಲಿದ ಸಿಪ್ಪೆ ಸುಟ್ಟು ಕಪ್ಪಾಗುತ್ತದೆ. ಬರಿಯ ನೆಲದ ಮೇಲೆ ಕಾಯನ್ನು ರಾಶಿ ಹಾಕಕೂಡದು. ತೊಟ್ಟು ಕೊಳೆಯ ಬೂಷ್ಟು ಮಣ್ಣಿನಲ್ಲಿಯೂ ಕಸಕಡ್ಡಿಯಲ್ಲಿಯೂ ಇರುತ್ತದೆ. ಒಂದೇ ಒಂದು ಪೆಟ್ಟು ಬಿದ್ದ ಕಾಯನ್ನೂ ಶೀತಗೃಹಕ್ಕೆ ಕಳುಹಿಸದೆ ಅಂದೇ ಮಾರಿಬಿಡುವುದು ಮೇಲು.

ಲಾಭನಷ್ಟದ ಲೆಕ್ಕ

ದೃಷ್ಟಾಂತಕ್ಕಾಗಿ ಒಂದು ಲೆಕ್ಕವನ್ನು ನೋಡಬಹುದು. ಇಲ್ಲಿಯ ಅಂಕಿಗಳು ಕೇವಲ ಊಹೆಯವು. ತಮ್ಮ ತಮ್ಮ ಊರಿನ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು. ಒಬ್ಬ ರೈತನ ಬಳಿ 1000 ಕಿಲೋ ಕಾಯಿ ಇದೆ ಎಂದುಕೊಳ್ಳೋಣ. ಸುಗ್ಗಿಯ ದಿನ ಕಿಲೋಗೆ 20 ರೂಪಾಯಿನಂತೆ ಮಾರಿದರೆ 20,000 ರೂಪಾಯಿ. ಹದಿನೈದು ದಿನದ ಮೇಲೆ ಧಾರಣೆ 28 ರೂಪಾಯಿ ಆಗುವುದೆಂದೂ, ಬಾಡಿಗೆ, ಲೇಪ, ಕೂಲಿ, ಸಾಗಣೆ ಎಲ್ಲ ಸೇರಿ ಕಿಲೋಗೆ 3 ರೂಪಾಯಿನಂತೆ 3,000 ರೂಪಾಯಿ ಖರ್ಚೆಂದೂ ಇಟ್ಟುಕೊಳ್ಳೋಣ. ಕೊಳೆ ಮತ್ತು ತೂಕದ ನಷ್ಟ ನೂರಕ್ಕೆ 10 ಆದರೆ, ಉಳಿದ 900 ಕಿಲೋಗೆ 25,200 ರೂಪಾಯಿ ಬಂದು, ಖರ್ಚು ಕಳೆದು 22,200 ರೂಪಾಯಿ ನಿಲ್ಲುತ್ತದೆ. 2,200 ರೂಪಾಯಿ ಲಾಭ. ಅದೇ ನಷ್ಟ ನೂರಕ್ಕೆ 25 ಆದರೆ, 750 ಕಿಲೋಗೆ 21,000 ರೂಪಾಯಿ ಬಂದು, ಖರ್ಚು ಕಳೆದು 18,000 ರೂಪಾಯಿ ಮಾತ್ರ. ಸುಗ್ಗಿಯ ದಿನವೇ ಮಾರಿದ್ದರೆ ಬರುತ್ತಿದ್ದುದಕ್ಕಿಂತ 2,000 ರೂಪಾಯಿ ಕಡಮೆ. ನೂರಕ್ಕೆ ಸುಮಾರು ಹದಿನೆಂಟು ಹೋದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಧಾರಣೆಯ ಏರಿಕೆ ರೈತನ ಕೈಯಲ್ಲಿಲ್ಲ. ಕೊಳೆಯುವ ಪಾಲನ್ನು ಕಡಮೆ ಮಾಡುವುದು ಬಹುಮಟ್ಟಿಗೆ ಅವನ ಕೈಯಲ್ಲಿದೆ. ಧಾರಣೆ ಏರುವ ಸೂಚನೆಯೇ ಇಲ್ಲದ ವರ್ಷದಲ್ಲಿ ಶೀತಗೃಹಕ್ಕೆ ಹಾಕದಿರುವುದೂ ಜಾಣತನವೇ.

ಹಣ್ಣುಮಾಡುವ ವಿಷಯ

ಶೀತಗೃಹದಿಂದ ಹೊರತಂದ ಕಾಯನ್ನು 20ರಿಂದ 24 ಡಿಗ್ರಿಯ ಕೊಠಡಿಯಲ್ಲಿ ಹಣ್ಣುಮಾಡಿದರೆ ಬಣ್ಣ ರುಚಿಗಳು ಚೆನ್ನಾಗಿ ಕೂಡುತ್ತವೆ. ಅವಸರಪಟ್ಟು ಕಾರ್ಬೈಡ್ ಪುಡಿಯನ್ನು ಉಪಯೋಗಿಸುವುದು ಅಪರಾಧ. 2011ರ ಆಹಾರ ಸುರಕ್ಷತಾ ನಿಯಮಗಳು ಇದನ್ನು ನಿಷೇಧಿಸಿವೆ. ಎಥಿಲೀನ್ ಅನಿಲವನ್ನು ಹತ್ತು ಲಕ್ಷ ಪಾಲಿಗೆ 100 ಪಾಲು ಮೀರದಂತೆ ಉಪಯೋಗಿಸುವುದಕ್ಕೆ 2016ರಲ್ಲಿ ಅನುಮತಿ ದೊರೆಯಿತು.

ಊರಿನಲ್ಲಿಯೇ ಮಾಡಬಹುದಾದ ಪರೀಕ್ಷೆ

ಸಸ್ಯರಸವೆಂಬ ಹೆಸರಿನಿಂದ ಸೀಸೆಗಳನ್ನು ಮಾರುವವರು ಬಂದಾಗ ಅವರ ಮಾತನ್ನು ನಂಬಬೇಕಾದ್ದೂ ಇಲ್ಲ, ತಳ್ಳಿಹಾಕಬೇಕಾದ್ದೂ ಇಲ್ಲ, ಪರೀಕ್ಷಿಸಿದರೆ ಸಾಕು. ಊರಿನ ಯಜಮಾನರು ಮುಂದೆ ನಿಂತು ನಾಲ್ಕು ಕ್ರೇಟುಗಳನ್ನು ಸಿದ್ಧಪಡಿಸಲಿ. ಒಂದೇ ತೋಟದಿಂದ ಒಂದೇ ದಿನ ಕೊಯ್ದ, ಒಂದೇ ಗಾತ್ರದ ಐವತ್ತು ಐವತ್ತು ಕಾಯಿಗಳು ಪ್ರತಿಯೊಂದರಲ್ಲಿಯೂ ಇರಲಿ. ಮೊದಲನೆಯದಕ್ಕೆ ಏನನ್ನೂ ಮಾಡದೆ ಇಡಬೇಕು. ಎರಡನೆಯದಕ್ಕೆ ಬಿಸಿನೀರು ಮಾತ್ರ, ಮೂರನೆಯದಕ್ಕೆ ಲೇಪ ಮಾತ್ರ, ನಾಲ್ಕನೆಯದಕ್ಕೆ ಎರಡೂ. ತೂಕವನ್ನು ಬರೆದಿಟ್ಟು ನಾಲ್ಕನ್ನೂ ಒಂದೇ ಕೊಠಡಿಯಲ್ಲಿ ಹದಿನಾಲ್ಕು ದಿನ ಇಟ್ಟು, ಹೊರತಂದು ಐದು ದಿನ ಬಿಟ್ಟು, ತೂಕ ನೋಡಿ, ಕೊಳೆತದ್ದನ್ನು ಎಣಿಸಿ, ಉಳಿದದ್ದನ್ನು ಹತ್ತು ಜನ ತಿಂದು ರುಚಿ ಹೇಳಲಿ. ಕೊಳೆಯದಿದ್ದರೂ ರುಚಿ ಕೆಟ್ಟಿದ್ದರೆ ಆ ರಸವು ತೇರ್ಗಡೆಯಾಗಲಿಲ್ಲವೆಂದೇ ತಿಳಿಯತಕ್ಕದ್ದು. ಏನನ್ನೂ ಮಾಡದ ಮೊದಲನೆಯ ಕ್ರೇಟನ್ನು ಬಿಟ್ಟು ಪರೀಕ್ಷೆ ಮಾಡಿದರೆ ಅದು ಪರೀಕ್ಷೆಯೇ ಅಲ್ಲ. ಹೋಲಿಸುವುದಕ್ಕೆ ಏನೂ ಇರುವುದಿಲ್ಲ.

ಸಣ್ಣ ಹಿಡುವಳಿಯವನು ಒಬ್ಬನೇ ಉಷ್ಣಮಾಪಕ, ತೊಟ್ಟಿ, ಲಾರಿ, ಕೊಠಡಿಗಳ ಖರ್ಚನ್ನು ಹೊರಲಾರನು. ಹತ್ತು ಮನೆಯವರು ಕೂಡಿದರೆ ಅದು ಭಾರವಾಗದು. ಹೀಗೆ ಕೂಡಿಸುವ ಹೊಣೆ ಊರಿನ ಹಿರಿಯರದು.

ಸಾರಾಂಶ

1. ಹೂವಿನ ಕಾಲದಿಂದಲೇ ಚಿಬ್ಬು ರೋಗವನ್ನು ತಡೆಯಬೇಕು.

2. ಬಲಿತ, ಪೆಟ್ಟಿಲ್ಲದ, ಸೊನೆ ತಗುಲದ ಕಾಯನ್ನು ಮಾತ್ರ ಆರಿಸಬೇಕು.

3. ಅಡಗಿದ ರೋಗಕ್ಕೆ ಬಿಸಿನೀರು, ಸಿಪ್ಪೆಯ ಕಾವಲಿಗೆ ತೆಳುವಾದ ಸಸ್ಯಲೇಪ. ಎರಡರಲ್ಲಿಯೂ ಅಳತೆ ಮೀರಬಾರದು.

4. ಹಸಿರು ಮಾವಿಗೆ 12ರಿಂದ 13 ಡಿಗ್ರಿ. ಅದಕ್ಕಿಂತ ತಣ್ಣಗೆ ಇಡಬಾರದು.

5. ಧಾರಣೆಯನ್ನೂ ಖರ್ಚನ್ನೂ ಮೊದಲೇ ಲೆಕ್ಕಹಾಕಿ, ಸ್ವಲ್ಪದರಲ್ಲಿ ಪರೀಕ್ಷಿಸಿ, ಅನಂತರ ಹೆಚ್ಚಿನದಕ್ಕೆ ಕೈಹಾಕಬೇಕು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದಾವು ಎಂದು ಹಿರಿಯರು ಹೇಳುತ್ತಾರೆ. ಇಲ್ಲಿ ಹೇಳಿದ ಮಾತು ಇಂದಿನ ಬುತ್ತಿಯಷ್ಟೆ. ಮುಂದಿನ ಸುಗ್ಗಿಯಲ್ಲಿ ಆ ನಾಲ್ಕು ಕ್ರೇಟುಗಳನ್ನು ಇಟ್ಟು ನೋಡಿದ ಊರಿನವರಿಗೆ ತಮ್ಮದೇ ಆದ ತಿಳಿವಳಿಕೆ ದೊರೆಯುವುದು, ಅದು ಬಹುಕಾಲ ಬಾಳುವುದು.